ಗಣಿಕೆ ಸೊಪ್ಪಿನ ಸಾಕ್ಷಿ

ಹೊನ್ನಾವತಿ ನಗರಿಯ ಪೂರ್ವದ್ವಾರದಲ್ಲಿ ಪತಾಕೆಗಳು ಹಾರುತ್ತಿದ್ದವು, ಹೂವಿನ ಅಂಗಡಿಗಳು ತೆರೆದಿದ್ದವು, ನದಿಗಿಳಿಯುವ ಪಟ್ಟದಾನೆಗಳ ಗಂಟೆ ಎಂದಿನಂತೆಯೇ ಮೊಳಗುತ್ತಿತ್ತು. ಬಾಗಿಲ ಶೂಲದ ಮೇಲಿನ ತಲೆಯೊಂದೇ ಹೊಸದು. ಅದು ರಾಜವೈದ್ಯ ಶಂಭುದೇವನದು. ಅರಸನ ಹೊಟ್ಟೆಯ ಬಾವು ಇಳಿದಿಲ್ಲ, ಯುದ್ಧಕ್ಕೆ ಹೊರಡಕೂಡದು ಎಂದದ್ದೇ ಆ ವೃದ್ಧನ ಅಪರಾಧ. ಪ್ರಧಾನಿ ಗೋವಿದೇವ ಅದನ್ನು ರಾಜದ್ರೋಹವೆಂದು ಸಾಧಿಸಿದ. ಅರಸ ಇರುಗರಸ ನಂಬಿ ಮುದ್ರೆಯೊತ್ತಿದ.

ಈಗ ಸರದಿ ಬಾಣಸಿಗ ಬೊಪ್ಪಣ್ಣನದು. ಕಾಡಂಚಿನಲ್ಲಿ ತಾನಾಗಿ ಬೆಳೆಯುವ ಗಣಿಕೆ ಸೊಪ್ಪಿನ ಸಾರು ಉಣಿಸಿ ಅರಸನಿಗೆ ಹಸಿವು ಮರಳಿಸಿದವನು ಅವನು. ಸೊಪ್ಪಿನಿಂದ ರೋಗವೇ ನಿರ್ಮೂಲವಾಯಿತೆಂದು ಅವನು ಸಭೆಯಲ್ಲಿ ಆಣೆಯಿಟ್ಟರೆ ಸಾಕು, ಅರಸ ಮರುದಿನವೇ ಕುದುರೆ ಏರುವನು. ಕರಿಕಣಿವೆಯಲ್ಲಿ ನಲವತ್ತು ಬಿಲ್ಲಾಳುಗಳು ಶ್ವೇತಚ್ಛತ್ರದ ಕೆಳಗಿನವನನ್ನು ಕೊಲ್ಲಲು ಹೊಂಚಿದ್ದರು. ಅವರನ್ನು ಅಲ್ಲಿರಿಸಿದ್ದು ಗೋವಿದೇವ. ಅರಸನಿಗೆ ಮಕ್ಕಳಿರಲಿಲ್ಲ, ಪ್ರಧಾನಿಗೆ ಅಳಿಯನಿದ್ದ.

ಈ ಸಂಚು ಬೊಪ್ಪಣ್ಣನಿಗೆ ತಿಳಿಯದು. ಉಂಡ ಮನೆಗೆ ಎರಡು ಬಗೆಯಬಾರದೆಂಬುದಷ್ಟು ತಿಳಿದಿತ್ತು. ಶಂಭುದೇವನ ಗತಿಯನ್ನು ನೆನೆಯುತ್ತಲೇ ಅವನು ಸಭೆಯಲ್ಲಿ ಅರಸನಿಗೆ ಕೈಮುಗಿದ.

"ಏಳು ಮಂದಿ ರೋಗಿಗಳಿಗೆ ಉಣಿಸಿದ್ದೇನೆ, ಪ್ರಭು. ನಾಲ್ವರು ಚೇತರಿಸಿದರು, ಇಬ್ಬರಿಗೆ ಏನೂ ಆಗಲಿಲ್ಲ, ಒಬ್ಬ ಸತ್ತ. ಚೇತರಿಸಿದ್ದು ಸೊಪ್ಪಿನಿಂದಲೋ ಪಥ್ಯದಿಂದಲೋ ನಾನರಿಯೆ. ಬಾಯಿಗೆ ರುಚಿ, ಹೊಟ್ಟೆಗೆ ಹಿತ; ಅಷ್ಟಕ್ಕೆ ಆಣೆಯಿಡಬಲ್ಲೆ."

ಪ್ರಧಾನಿ ಸನ್ನೆ ಮಾಡಿದ. ಭಟರು ಅವನ ಬಲಗೈಯನ್ನು ಕಂಬದ ಬುಡದ ಕಲ್ಲಿಗೆ ಒತ್ತಿಹಿಡಿದರು. ಕಿರುಬೆರಳು ಹೋಯಿತು. ಮತ್ತೆ ಕೇಳಿದರು. ಉಂಗುರದ ಬೆರಳು ಹೋಯಿತು. ನೆತ್ತರು ಸಭೆಯ ನೆಲಗಟ್ಟಿನಲ್ಲಿ ಹರಿದು ಸಾಮಂತರ ಪಾದರಕ್ಷೆಗೆ ತಾಗಿತು. ನಡುಬೆರಳೂ ಹೋದಮೇಲೆ, ಕೂಗಿ ಕೂಗಿ ಗಂಟಲು ಬಿದ್ದ ಬೊಪ್ಪಣ್ಣನ ಬಾಯಲ್ಲಿ ಇನ್ನೂ ಅದೇ ಏಳು ಜನ.

"ನಿಲ್ಲಿಸಿ," ಎಂದ ಇರುಗರಸ. ತನ್ನ ಅಡುಗೆಯನ್ನು ಹೊಗಳಲೊಲ್ಲದೆ ಬೆರಳು ಕೊಡುವ ಬಾಣಸಿಗನನ್ನು ಅವನು ಕಂಡಿರಲಿಲ್ಲ. ಹೊಗಳಿಸಲೇಬೇಕೆಂಬ ಆತುರ ಪ್ರಧಾನಿಗೇಕೆ ಎಂಬ ಸಂದೇಹ, ತಡವಾಗಿಯಾದರೂ, ಅವನಲ್ಲಿ ಹುಟ್ಟಿತು.

"ಪ್ರಧಾನಿಗಳೇ, ಸೊಪ್ಪಿನಲ್ಲಿ ನಿಮಗಿರುವ ನಂಬಿಕೆ ನಮಗಿಂತ ದೊಡ್ಡದು. ನೀವೇ ಉಂಡು, ನಮ್ಮ ಛತ್ರದಡಿ ಸೇನೆಯನ್ನು ನಡೆಸಿ."

ಗೋವಿದೇವನ ಮುಖ ಬಿಳಿಚಿತು. ಸೇನೆ ಸಾಕು, ಛತ್ರದ ಗೌರವ ತನಗೆ ಸಲ್ಲದೆಂದು ಬಗೆಬಗೆಯಾಗಿ ಬೇಡಿದ.

"ಛತ್ರಕ್ಕೇಕೆ ಅಂಜುತ್ತೀರಿ?"

ಗೋವಿದೇವ ಮನಸ್ಸಿನಲ್ಲೇ ತೂಗಿದ. ಹೇಳಿದರೆ ಇಲ್ಲೇ ಶೂಲ, ಹೇಳದಿದ್ದರೆ ಕಣಿವೆಯಲ್ಲಿ ಬಾಣ. ಅತ್ತ ದರಿ, ಇತ್ತ ಪುಲಿ. ಮೈಗಾವಲಿನವರು ಅವನನ್ನು ಸುತ್ತುವರಿದೇ ಕರೆದೊಯ್ದರು. ಯಾರಿಗೂ ಸುದ್ದಿ ಮುಟ್ಟಿಸಲಾಗಲಿಲ್ಲ. ಮೂರನೆಯ ದಿನ ಕರಿಕಣಿವೆಯಲ್ಲಿ ಛತ್ರವನ್ನಷ್ಟೇ ಕಂಡ ಅವನದೇ ಬಿಲ್ಲಾಳುಗಳು ಅವನ ಕೊರಳಿಗೂ ಎದೆಗೂ ಹತ್ತೊಂಬತ್ತು ಬಾಣ ನೆಟ್ಟರು. ಸೆರೆಸಿಕ್ಕವರು ಸಂಚನ್ನೆಲ್ಲ ಒಪ್ಪಿಕೊಂಡರು.

ಸುದ್ದಿ ಬಂದ ಮಧ್ಯಾಹ್ನ ಅರಸ ಒಬ್ಬನೇ ಅಡುಗೆಮನೆಗೆ ನಡೆದ. ಬೊಪ್ಪಣ್ಣ ಬಟ್ಟೆ ಸುತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಎಲೆಯ ಮುಂದೆ ಉಣ್ಣಲಾರದೆ ಕುಳಿತಿದ್ದ. ಇರುಗರಸ ನೆಲದ ಮೇಲೆ ಕುಳಿತು, ಅನ್ನ ಕಲಸಿ, ತುತ್ತು ಮಾಡಿ ಅವನ ಬಾಯಿಗಿಟ್ಟ. ಬೊಪ್ಪಣ್ಣ ಅಳುತ್ತಲೇ ಉಂಡ.