ಮೊಣಕಾಲೆತ್ತರದ ತೂತುಗಳು

"ಏಯ್! ನನ್ನ ಗಿಡಕ್ಕೆ ಕೈ ಹಾಕೋಕೆ ನೀನ್ಯಾರು?"

ಅಕಾನೇಸಿಯ ಕೂಗಿಗೆ ಅವನು ಬೆಚ್ಚಿ ತಿರುಗಿದ. ಮುಷ್ಟಿಯ ತುಂಬ ಎಳೆ ಚಿಗುರು... ಎಲ್ಲ ಅವಳ ಹಿಯಾಪೊ ಗಿಡಗಳದ್ದೇ!

ಎರಡು ತಿಂಗಳು ತಾಯಿಯ ಜೊತೆ ಆಸ್ಪತ್ರೆಯಲ್ಲಿದ್ದು ಅವಳು ಊರಿಗೆ ಮರಳಿದ್ದು ಅಂದೇ. ಇವನು ಸೆಮಿಸಿ, ಅವಳು ಹೋಗಿ ತಿಂಗಳಾದ ಮೇಲೆ ಹಾಪಾಯ್ ದ್ವೀಪದಿಂದ ಬಂದು ಪಕ್ಕದಲ್ಲೇ ಸೋದರಮಾವನ ಗೆಣಸಿನ ತೋಟ ನೋಡಿಕೊಳ್ಳುವವನು.

"ಕವಲು ಚಿವುಟ್ತಿದ್ದೆ ಅಷ್ಟೇ..."

"ಹಿಯಾಪೊ ಬಗ್ಗೆ ನಿಂಗೇನು ಗೊತ್ತು? ಕಾಂಡಕ್ಕೆ ಗಾಯ ಆದ್ರೆ?"

ಅವನು ಬೇಲಿ ದಾಟಿ ಹೋದ. ಎಷ್ಟು ಚಂದದ ಕಣ್ಣು! ಅಂಥ ಹೊತ್ತಲ್ಲೂ ಅದನ್ನು ಗಮನಿಸಿದ ತನ್ನ ಮೇಲೇ ಅವಳಿಗೆ ಸಿಟ್ಟು ಬಂತು.

ಎಲೆಯ ಬುಡದಲ್ಲಿ ಮೊಳೆಯುವ ಕವಲನ್ನು ಎಳೆಯದಾಗಿರುವಾಗಲೇ ಚಿವುಟಬೇಕು. ಬಿಟ್ಟರೆ ಅಲ್ಲಿ ಒಳತೊಗಟೆಗೆ ತೂತು ಬೀಳುತ್ತದೆ. ಅಣ್ಣನ ಮದುವೆಗೆ ಹಾಸಬೇಕಾದ ತೊಗಟೆ ಬಟ್ಟೆ ಆ ನೂರು ಗಿಡಗಳಿಂದಲೇ ಆಗಬೇಕಿತ್ತು. ಅಂದಿನಿಂದ ಅವಳು ಒಂದು ದಿನವೂ ತಪ್ಪಿಸದೆ ತಾನೇ ಚಿವುಟಿದಳು.

ಮದುವೆಗೆ ಮೂರು ವಾರ ಇರುವಾಗ ಗಿಡ ಕಡಿದದ್ದಾಯಿತು. ತೊಗಟೆ ಬಡಿದು ಬಟ್ಟೆ ಮಾಡಲು ಕೂತ ಹೆಂಗಸರ ನಡುವೆ ವಿಕಾ ಅತ್ತೆ ಮೊದಲ ಪಟ್ಟಿಯನ್ನು ಬೆಳಕಿಗೆ ಹಿಡಿದರು.

"ಅಯ್ಯೋ ನೇಸಿ! ಜರಡಿ ತಂದಿದ್ದೀಯಲ್ಲೇ!"

ಎಲ್ಲರೂ ಘೊಳ್ಳೆಂದು ನಕ್ಕರು. ಅಕಾನೇಸಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಎಲ್ಲ ಆ ಸೆಮಿಸಿ ಕೆಲಸ! ಗಿಡ ಹಾಳು ಮಾಡಿದ್ದೇ ಅವನು!"

ಮಾತು ಸಂಜೆಯೊಳಗೆ ಅವನ ಮಾವನ ಕಿವಿಗೆ ಬಿತ್ತು. ನಾಳೆ ಮಧ್ಯಾಹ್ನದ ದೋಣಿಗೆ ಹೊರಡು ಎಂದುಬಿಟ್ಟರಂತೆ. ಸೆಮಿಸಿ ಎದುರಾಡಲಿಲ್ಲವಂತೆ.

ಯಾಕೆ ಎದುರಾಡಲಿಲ್ಲ? ಆ ಪ್ರಶ್ನೆ ಅವಳನ್ನು ಕೊರೆಯತೊಡಗಿತು.

ಮರುದಿನ ಉಳಿದ ತೊಗಟೆ ಸುಲಿಯುತ್ತಾ ಒಂದು ಪಟ್ಟಿಯನ್ನು ತನ್ನ ಪಕ್ಕ ನೇರ ನಿಲ್ಲಿಸಿದಳು. ತೂತುಗಳೆಲ್ಲ ಮೊಣಕಾಲಿನ ಎತ್ತರದಲ್ಲಿ! ಇನ್ನೊಂದು ಪಟ್ಟಿ... ಅದೂ ಹಾಗೇ!

ಗಿಡ ಉದ್ದವಾಗುವುದು ತುದಿಯಿಂದ. ಮೊಣಕಾಲೆತ್ತರದಲ್ಲಿ ಒಡೆದ ಕವಲು ಕೊನೆಯವರೆಗೂ ಅಲ್ಲೇ ಇರುತ್ತದೆ. ಗಿಡ ಅಷ್ಟು ಎತ್ತರವಿದ್ದಾಗ ಚಿವುಟಲು ಯಾರೂ ಇರಲಿಲ್ಲ; ಅವಳು ಆಸ್ಪತ್ರೆಯಲ್ಲಿದ್ದಳು, ಸೆಮಿಸಿ ಇನ್ನೂ ಬಂದಿರಲಿಲ್ಲ. ಆಮೇಲೆ ಎದೆಯವರೆಗೆ ಬೆಳೆದದ್ದು ಅವನ ಕೈಯಲ್ಲಿ... ಅಲ್ಲಿ ಒಂದೇ ಒಂದು ತೂತಿಲ್ಲ!

'ದೇವರೇ... ಏನು ಮಾಡಿಬಿಟ್ಟೆ ನಾನು!'

ಪಟ್ಟಿ ಹಿಡಿದುಕೊಂಡೇ ಓಡಿದಳು. ದೋಣಿಯ ಹಲಗೆಯ ಮೇಲೆ ಅವನು ಆಗಲೇ ಕಾಲಿಟ್ಟಿದ್ದ. ಕಟ್ಟೆಯ ಮೇಲೆ ಮುಖ ಗಂಟಿಕ್ಕಿಕೊಂಡು ಮಾವ ನಿಂತಿದ್ದರು.

"ಸೆಮಿಸಿ, ನಿಲ್ಲು! ಮಾವಯ್ಯ, ತಪ್ಪು ನಂದು! ತೂತೆಲ್ಲ ಇವನು ಬರೋಕ್ಕಿಂತ ಮುಂಚಿಂದು. ಉಳಿದಿದ್ದನ್ನ ಕಾಪಾಡಿದ್ದೇ ಇವನು... ನೋಡಿ!"

ಮುದುಕ ಪಟ್ಟಿಯ ಮೇಲೆ ಬೆರಳಾಡಿಸಿದರು. ಸೋದರಳಿಯನ ಗಂಟನ್ನು ಹೆಗಲಿಗೇರಿಸಿ ಮನೆಯ ದಾರಿ ಹಿಡಿದರು.

"ನೀನ್ಯಾಕೆ ಬಾಯಿ ಬಿಡಲಿಲ್ಲ?" ನೇಸಿಯ ಕಣ್ಣಲ್ಲಿ ನೀರು ನಿಲ್ಲಲಿಲ್ಲ.

"ಊರವರೆದುರು ನಿನ್ನ ಮಾತು ಸುಳ್ಳು ಅನ್ಲಾ? ನನ್ನಿಂದ ಆಗಲ್ಲ, ನೇಸಿ... ನಿನ್ನ ಮೇಲೆ ಅಷ್ಟು ಪ್ರೀತಿ ನಂಗೆ."

ದೋಣಿ ಕೂಗು ಹಾಕಿತು. ಅವಳು ಅವನ ತೋಳು ಹಿಡಿದು ಈಚೆಗೆಳೆದಳು.

"ನಂಗೂ..." ಎಂದಳು ಸಣ್ಣಗೆ.

ಹಿಂದೆ ಹಲಗೆ ಎಳೆದುಕೊಂಡ ಸದ್ದಾಯಿತು.

"ಮುಂದಿನ ಸಲ ಗಿಡ ನೆಡುವಾಗ ನನ್ನ ಕರೀತೀಯಾ?"

"ಇಲ್ಲ."

ಅವನ ಮುಖ ಸಪ್ಪಗಾಯಿತು.

"ಒಂದೇ ಮನೇಲಿ ಇರೋರನ್ನ ಕರೆಯೋದೇನು ಬಂತು, ಪೆದ್ದ!"