ಜನರಿಗೆ ಕಾಣದ ಕಿವಿ ಮೆಷಿನ್

"ಮಾಮಾ, ಕಳ್ಳಿ ಅನ್ನೋ ಹೆಸರು ಹೊತ್ಕೊಂಡು ಇನ್ಯಾರ ಮನೆ ಬಾಗಿಲು ತಟ್ಲಿ?"

ಕೆಲಸದಾಕೆ ಹೀಗೆಂದಾಗ ಕೆಳಮನೆಯ ಟೈಲರ್ ಮಾಮ ಹೊಲಿಗೆ ನಿಲ್ಲಿಸಿದರು. ಅಲ್ಲೇ ಕುಳಿತು ಗುಂಡಿ ಹಚ್ಚುತ್ತಿದ್ದ ಮೇಲ್ಮನೆಯ ಮಗಳು ತಲೆ ತಗ್ಗಿಸಿದಳು. ಕಟ್ಟಡದಲ್ಲಿ ಏನೇ ಕಳೆದರೂ ಪತ್ತೆಹಚ್ಚುವ ಮಾಮನಿಗೆ ಅವಳೇ ಬಲಗೈ. ಈ ಸಲ ಕಳೆದದ್ದು ಅವಳ ಮನೆಯಲ್ಲೇ. ಅಪ್ಪನಿಗೆ ಹೋದ ವಾರವಷ್ಟೇ ತಂದ ಕಿವಿ ಮೆಷಿನ್ ನಿನ್ನೆ ಮಾಯವಾಗಿತ್ತು. ಮಗಳೇ ಕೂಗಾಡಿ, ಮೆಟ್ಟಿಲ ಮೇಲೆಯೇ ಕೆಲಸದಾಕೆಯ ಚೀಲ ಸುರಿಸಿದ್ದಳು. ಏನೂ ಸಿಕ್ಕಿರಲಿಲ್ಲ.

ಮೂವರೂ ಮೇಲೆ ಹೋದರು. ಮೂವತ್ತು ವರ್ಷ ಬಸ್ಸು ಓಡಿಸಿದ ಅಪ್ಪ ಎರಡೂ ಕೈಯಲ್ಲಿ ಲೋಟ ಹಿಡಿದು ನೀರು ಕುಡಿಯುತ್ತಿದ್ದರು. ಕೆಲಸದಾಕೆಯನ್ನು ಕಂಡದ್ದೇ ಗೋಡೆಯತ್ತ ತಿರುಗಿದರು. ಮಾಮ ಮಂಚದಡಿ ತಡಕಿದರು. ಅಂಗಿಗುಂಡಿಗಿಂತ ಚಿಕ್ಕ ಬ್ಯಾಟರಿಗಳು, ನಾಲ್ಕು. ಮೆಷಿನ್ನಿಗೆ ಹಾಕುವ ಮೊದಲು ಕೀಳಬೇಕಾದ ಅಂಟುಚೀಟಿಯನ್ನು ಯಾವುದರಿಂದಲೂ ಕಿತ್ತಿರಲಿಲ್ಲ.

"ಅಂಗಡೀಲಿ ಎಷ್ಟು ಥರದ್ದು ತೋರಿಸಿದ್ರು?"

"ಎರಡು, ಮಾಮ. ಕಿವಿ ಹಿಂದೆ ಕೂರೋದು ದಪ್ಪ, ಫೋನಿನ ಹಾಗೆ ಚಾರ್ಜಿಗಿಟ್ರಾಯ್ತು. ಇನ್ನೊಂದು ಕಿವಿಯೊಳಗೇ ಅಡಗುತ್ತೆ. ಅಪ್ಪ ದಪ್ಪದ್ದೇ ಹಿಡ್ಕೊಂಡಿದ್ರು. ನಾನೇ... ನೋಡಿದವರು ಏನಂತಾರೋ ಅಂತ ಸಣ್ಣದು ತಗೊಂಡೆ."

"ಅಲ್ಲಿ ಬ್ಯಾಟರಿ ಹಾಕಿ ನೋಡಿದ್ದು ಯಾರು?"

"ನಾನೇ."

ಮಾಮ ಎಲ್ಲರನ್ನೂ ಕೂರಿಸಿ, ಅಪ್ಪನ ಅಂಗೈಗೆ ಒಂದು ಬ್ಯಾಟರಿಯಿಟ್ಟು, ಚೀಟಿ ಕೀಳುವಂತೆ ಸನ್ನೆ ಮಾಡಿದರು. ನಡುಗುವ ದಪ್ಪ ಬೆರಳುಗಳಿಂದ ಅದು ಮೂರು ಸಲ ಜಾರಿತು.

"ಕದಿಯೋರು ಬ್ಯಾಟರಿ ಬಿಟ್ಟು ಹೋಗ್ತಾರಾ? ಒಂದು ಬಿದ್ರೆ ಕೈತಪ್ಪು. ನಾಲ್ಕು ಬಿದ್ರೆ ಯಾರೋ ಸೋತು ಸುಣ್ಣವಾಗಿದ್ದಾರೆ ಅಂತ. ಈ ಕೆಲಸದವಳ ಮುಖ ನೋಡೋಕೆ ಅಂಜಿದ್ದೂ ನಿಮ್ಮಪ್ಪನೇ. ಮಗಳು ಆಸೆಪಟ್ಟು ತಂದದ್ದನ್ನ ಬೇಡ ಅನ್ನಲಾರದೆ ಬಚ್ಚಿಟ್ರು. ತಪ್ಪು ಇವಳ ತಲೆಗೆ ಬಂದಾಗ ಬಾಯೇ ಬರ್ಲಿಲ್ಲ."

ಮಾಮ ಕೈಚಾಚಿದರು. ಅಪ್ಪ ಕಣ್ಣೊರೆಸಿಕೊಂಡು ದಿಂಬಿನ ಚೀಲದಿಂದ ಮೆಷಿನ್ ತೆಗೆದುಕೊಟ್ಟರು.

ಮಗಳಿಗೆ ಭೂಮಿ ಬಾಯ್ಬಿಡಬಾರದೇ ಎನಿಸಿತು. ಅಪ್ಪನ ಕಿವಿಗೆ ತನ್ನ ನಾಚಿಕೆಯನ್ನು ತುರುಕಿದವಳು ತಾನೇ. ಕೆಲಸದಾಕೆಯ ಕೈ ಹಿಡಿದು ಪಿಸುಗುಟ್ಟಿದಳು: "ತಪ್ಪಾಯ್ತು ಕಣೆ."

"ಇಷ್ಟು ಮೆಲ್ಲಗಾ ಅಕ್ಕಾ? ಚೀಲ ಸುರಿಸುವಾಗ ಇಡೀ ಕಟ್ಟಡಕ್ಕೇ ಕೇಳಿತ್ತಲ್ಲ."

"ಏನಂದೆ?" ಅಪ್ಪ ಕಿವಿಗೆ ಕೈಯಿಟ್ಟರು.

ಮಗಳು ಬಾಗಿಲನ್ನು ಹಾರುಹೊಡೆದು ಗಂಟಲು ಹರಿಯುವಂತೆ ಕೂಗಿದಳು: "ಅವಳು ಕದ್ದಿಲ್ಲ! ತಪ್ಪು ನಂದು!"

ಮೇಲೊಂದು, ಕೆಳಗೊಂದು ಬಾಗಿಲು ತೆರೆದುಕೊಂಡಿತು. ಆದರೂ ಅವಳು ಒಳಗೆ ಬರಲಿಲ್ಲ. ಮೆಟ್ಟಿಲಿಗೆ ಬಂದು ಇನ್ನೊಮ್ಮೆ ಕೂಗಿದಳು.