ಟ್ರಾಲಿಯ ಸುತ್ತ ಸುಣ್ಣದ ಗೆರೆ

ಆಳಂದದ ಆ ಹತ್ತಿ ಗಿರಣಿಗೆ ದೇವೀಂದ್ರಪ್ಪ ಕೊಟ್ಟದ್ದು ಹನ್ನೆರಡು ವರ್ಷದ ದುಡಿಮೆ, ಜೊತೆಗೆ ಎಡಗಾಲಿನ ಎರಡು ಬೆರಳು. ಗಾಲಿಗೆ ಒಡ್ಡಿದ ಕಟ್ಟಿಗೆ ಜಾರಿ ಟ್ರಾಲಿ ಪಾದದ ಮೇಲೆ ಹರಿದ ದಿನವೂ ಅವನು ಅತ್ತಿರಲಿಲ್ಲ. ಅತ್ತದ್ದು, ಮೊನ್ನೆ ಮೊನ್ನೆ ಜೇವರ್ಗಿಯಿಂದ ಬಂದ ಚಂದ್ರಾಮಪ್ಪನನ್ನು ಮಾಲೀಕರು ಆಳುಗಳ ಮೇಲ್ವಿಚಾರಣೆಗೆ ಮುಕದ್ದಮನನ್ನಾಗಿ ಮಾಡಿದ ದಿನ. ಅಂದಿನಿಂದ ಹೊಟ್ಟೆಕಿಚ್ಚಿಗೆ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಹೊಸ ಮುಕದ್ದಮನ ಕಾರುಬಾರೇ ಬೇರೆ. ಚಪ್ಪಲಿಯ ಮೊಳೆ ಕಲ್ಲಿಗೆ ತಾಗಿ ಕಿಡಿ ಹಾರೀತೆಂದು ಗಿರಣಿಯಲ್ಲಿ ಮೊದಲಿನಿಂದಲೂ ಎಲ್ಲರದು ಬರಿಗಾಲು. ಅದು ಸಾಲದೆಂಬಂತೆ ಇವನು, ಇಳಿಜಾರು ಹಳಿಯ ಮೇಲ್ತುದಿಯಲ್ಲಿ ತುಂಬಿದ ಟ್ರಾಲಿ ನಿಲ್ಲುವ ಕಲ್ಲುಹಾಸಿನ ಸುತ್ತ ಸುಣ್ಣದ ಗೆರೆ ಎಳೆಸಿದ. ಮಾಸಿದಾಗಲೆಲ್ಲ ಹೊಸ ಸುಣ್ಣ ಹಾಕಿಸಿದ. ತಳ್ಳುವವರು ಬರುವತನಕ ಒಳಗೆ ಯಾರೂ ಕಾಲಿಡಕೂಡದು.

"ದೇವೀಂದ್ರಣ್ಣಾ, ನಿನ್ನ ಬೆರಳು ಹೋದಂಗ ಇನ್ನೊಬ್ಬರ್ದು ಹೋಗಬಾರ್ದು. ಅದಕ್ಕ ಮಾಡಾಕತ್ತೇನಿ" ಎಂದ, ಎಲ್ಲರೆದುರು. ಆ ಕನಿಕರ ದೇವೀಂದ್ರಪ್ಪನ ಮೈ ಉರಿಸಿತು.

ಉಪಾಯ ಸರಳವಾಗಿತ್ತು. ಮಧ್ಯಾಹ್ನದ ಭೋಂಗಾ ಕೂಗಿದೊಡನೆ ಚಂದ್ರಾಮಪ್ಪ ಮೊದಲು ತಾನೊಬ್ಬನೇ ಇಳಿಜಾರಿನ ಬುಡದಲ್ಲಿ ಹಳಿಗಳ ನಡುವೆ ನಿಲ್ಲುತ್ತಾನೆ. ಆಮೇಲೆ ಹತ್ತಿ ಆರಿಸುವ ಹೆಂಗಸರನ್ನು ದಾಟಿಸುತ್ತಾನೆ. ಕಣ್ಣು ಹೆಂಗಸರ ಕಡೆ, ಕಿವಿ ತುಂಬ ಭೋಂಗಾ. ಮೇಲೆ ಎಡಗಾಲೂರಿ ಬಲಗಾಲಿಂದ ಕಟ್ಟಿಗೆ ಒದ್ದರೆ ಮುಗಿಯಿತು. ಕಟ್ಟಿಗೆ ಒಮ್ಮೆ ಜಾರಿದ್ದು ಊರಿಗೆಲ್ಲ ಗೊತ್ತು, ಮತ್ತೆ ಜಾರಿತು ಅನ್ನುತ್ತಾರೆ. ನೂರು ಬರಿಗಾಲು ಓಡಾಡುವ ಕಡೆ ಯಾರ ಹೆಜ್ಜೆ ಯಾರು ನೋಡುತ್ತಾರೆ?

ಸೋಮವಾರ ಎಲ್ಲವೂ ಅಂದುಕೊಂಡಂತೆಯೇ ನಡೆಯಿತು. ಹೆಂಗಸರು ಕಿರುಚುವ ಹೊತ್ತಿಗೆ ದೇವೀಂದ್ರಪ್ಪ ಹಿಂದಿನಿಂದ ಸುತ್ತಿ ನೀರಿನ ಹಂಡೆಯ ಹತ್ತಿರ ನಿಂತಿದ್ದ. ಎಲ್ಲರೂ ಕೆಳಗೆ ಓಡಿದರು, ಅವನೂ ಓಡಿದ. ಹತ್ತಿಯ ಅಂಡಿಗೆಗಳ ಅಡಿಯಿಂದ ಚಂದ್ರಾಮಪ್ಪನನ್ನು ಎಳೆದಾಗ ಉಸಿರಿರಲಿಲ್ಲ. ದೇವೀಂದ್ರಪ್ಪನಿಗೆ ನಿಜವಾಗಿಯೂ ಅಳು ಬಂತು. ಎಷ್ಟೋ ದಿನಗಳ ಮೇಲೆ ಹಸಿವೂ ಆಯಿತು.

ಪೊಲೀಸ್ ಅಮೀನ ಬಂದು ವಿಚಾರಿಸಿದ. ಮುಂದೆ ಬಂದವನು ದೇವೀಂದ್ರಪ್ಪನೇ.

"ಕಟ್ಟಿಗಿ ಜಾರೈತ್ರಿ ಸಾಹೇಬ್ರ. ಹಿಂದ ನಂದೂ ಹಿಂಗ ಆಗಿತ್ರಿ, ನೋಡ್ರಿ" ಎಂದು ಎಡಗಾಲು ಎತ್ತಿ ತೋರಿಸಿದ.

ಅಮೀನ ಆ ಪಾದವನ್ನು ಬಹಳ ಹೊತ್ತು ನೋಡಿದ. ಇಳಿಜಾರು ಹತ್ತಿ ಹೋದ, ದೇವೀಂದ್ರಪ್ಪನನ್ನೂ ಮೇಲಕ್ಕೆ ಕರೆದ. ಅಂದು ಮುಂಜಾನೆಯೇ ಚಂದ್ರಾಮಪ್ಪ ಗೆರೆಗೆ ಹೊಸ ಸುಣ್ಣ ಹಾಕಿಸಿದ್ದ. ಒಣಗಿದಂತೆ ಕಂಡರೂ ಒಳಗೆ ಹಸಿಯಿತ್ತು. ಕರಿಗಲ್ಲಿನ ಮೇಲೆ, ಗಾಲಿ ನಿಂತಿದ್ದ ಜಾಗದ ಪಕ್ಕದಲ್ಲೇ, ಒಂದು ಎಡಪಾದ ಬೆಳ್ಳಗೆ ಮೂಡಿತ್ತು. ಅದಕ್ಕೆ ಮೂರೇ ಬೆರಳಿದ್ದವು.